ಗೌರಿ ಹುಣ್ಣಿಮೆಯ ಸಕ್ಕರೆ ಆರತಿ: ಹಳೆಯ ಸಾಗವಾನಿ ಅಚ್ಚುಗಳಲ್ಲಿ ಮನೆಯಲ್ಲೇ ಎರೆಯುವುದು ಹೇಗೆ?

ಮಾಳಮಡ್ಡಿ ಮನೆ (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮಗನ ನಿಶ್ಚಯ ಕಾರ್ಯ ದಸರೆಯ ನಂತರ ಹಾವೇರಿಯಲ್ಲಿ ನೆರವೇರಿತು. ನಮ್ಮ ಕಡೆಯ ಪದ್ಧತಿಯಂತೆ ಬರುವ ಗೌರಿ ಹುಣ್ಣಿಮೆಗೆ (ಕಾರ್ತೀಕದ ಹುಣ್ಣಿಮೆಗೆ) ನಾವು ಬೀಗರ ಮನೆಗೆ ಹೋಗಿ, ಸೊಸೆಯಾಗಿ ಬರಲಿರುವ ಹುಡುಗಿಗೆ ಸೀರೆ, ಹೂವಿನ ದಂಡೆ ಮತ್ತು ಸಕ್ಕರೆ ಆರತಿಗಳನ್ನು, ಅಂದರೆ ಅಚ್ಚಿನಲ್ಲಿ ಎರೆದ ಸಕ್ಕರೆ ಗೊಂಬೆಗಳನ್ನು, ಕೊಟ್ಟು ಬರಬೇಕಾಗಿದೆ. ಪೇಟೆಯಲ್ಲಿ ಆರತಿ ಸಿಗುವುದೆಂಬುದು ನನಗೂ ಗೊತ್ತು. ಆದರೆ ನಮ್ಮ ಅತ್ತೆಯವರ ಕಾಲದ ಸಾಗವಾನಿ ಅಚ್ಚುಗಳು ಅಟ್ಟದ ಟ್ರಂಕಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿವೆ. ಆನೆ, ಒಂಟೆ, ನವಿಲು, ಬಸವಣ್ಣ, ಕಳಸವಿರುವ ಒಂದು ತೇರು, ಹೀಗೆ ಎರಡೆರಡು ಹೋಳುಗಳಾಗಿ ಕೂಡುವ ಅಚ್ಚುಗಳು. ಅವು ಇರುವಾಗ ಮೊದಲ ಆರತಿಯನ್ನು ಕೊಂಡುಕೊಂಡು ಹೋಗುವುದು ಮನಸ್ಸಿಗೆ ಒಗ್ಗುತ್ತಿಲ್ಲ.

ಅತ್ತೆಯವರು ಈಗ ಇಲ್ಲ. ಅವರು ಎರೆಯುವುದನ್ನು ನೋಡಿದ್ದೇನೆಯೇ ಹೊರತು ಕೈಯಾರೆ ಮಾಡಿದವಳಲ್ಲ. ಇಷ್ಟು ವರ್ಷ ಒಣಗಿ ಕುಳಿತ ಅಚ್ಚುಗಳನ್ನು ಹೇಗೆ ಸಿದ್ಧಪಡಿಸಬೇಕು, ತುಪ್ಪ ಸವರಬೇಕೇ, ಪಾಕವನ್ನು ಯಾವ ಹದದಲ್ಲಿ ಇಳಿಸಬೇಕು ಎಂಬುದನ್ನು ತಿಳಿದವರು ಹೇಳಬೇಕು. ಎಲ್ಲಕ್ಕಿಂತ ಹೆಚ್ಚಿನ ಗೊಂದಲವೆಂದರೆ, ಒಂದು ವಿಡಿಯೊದಲ್ಲಿ ಪಾಕಕ್ಕೆ ನಿಂಬೆರಸ ಹಿಂಡಬೇಕು, ಕುದಿಯುವಾಗ ಕೈಯಾಡಿಸಲೇಬಾರದು ಎನ್ನುತ್ತಾರೆ. ಇನ್ನೊಂದರಲ್ಲಿ ನಿಂಬೆಯ ಮಾತೇ ಇಲ್ಲದೆ ಪಾಕವನ್ನು ಚೆನ್ನಾಗಿ ತಿಕ್ಕಬೇಕು ಎನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ?

ಹಾನಗಲ್ಲ ಅಕ್ಕ ಉತ್ತರಿಸಿದ್ದು:

ಅಕ್ಕಾವರೇ, ಮೊದಲು ಅಚ್ಚಿನ ವಿಷಯ ಹೇಳುತ್ತೇನೆ, ಏಕೆಂದರೆ ಪಾಕ ಕೆಟ್ಟರೆ ಇನ್ನೊಮ್ಮೆ ಮಾಡಬಹುದು, ಅಚ್ಚು ಸೀಳಿದರೆ ಅಂಥ ಕೆತ್ತನೆಯನ್ನು ಮತ್ತೆ ಮಾಡಿಸಿಕೊಳ್ಳುವುದು ಸುಲಭವಲ್ಲ. ಸೋಪು, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಮುಟ್ಟಿಸಬೇಡಿರಿ. ಕಟ್ಟಿಗೆಯು ಅದರ ವಾಸನೆಯನ್ನು ಹೀರಿಕೊಂಡು ಮುಂದೆ ಸಕ್ಕರೆಗೆ ಕೊಡುತ್ತದೆ. ಬಿಸಿನೀರಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ಗೆರೆಗೆರೆಯನ್ನೂ ಉಜ್ಜಿ, ಹಳೆಯ ಸಕ್ಕರೆ ಕೂತಿರುವ ಮೂಲೆಗಳನ್ನು ಬಿಡಿಸಿರಿ. ಎರೆಯುವ ಹಿಂದಿನ ರಾತ್ರಿ ಅಚ್ಚುಗಳು ಪೂರ್ತಿ ಮುಳುಗುವಂತೆ ತಣ್ಣೀರಿನಲ್ಲಿ ನೆನೆಹಾಕಿ, ತೇಲದಂತೆ ಮೇಲೊಂದು ಭಾರ ಇಡಿರಿ. ಒಣ ಕಟ್ಟಿಗೆ ಬಿಸಿ ಪಾಕವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಆಗ ಗೊಂಬೆ ಬಿಡುವುದಿಲ್ಲ. ನೀರು ಕುಡಿದು ತಣಿದ ಕಟ್ಟಿಗೆಗೆ ಪಾಕ ಅಂಟಲು ಜಾಗವೇ ಇರುವುದಿಲ್ಲ. ಇದೇ ಕಾರಣಕ್ಕೆ ತುಪ್ಪವೂ ಬೇಡ, ಎಣ್ಣೆಯೂ ಬೇಡ. ತುಪ್ಪ ಸವರಿದ ಅಚ್ಚಿನಿಂದ ಬಂದ ಗೊಂಬೆ ಮೈಯೆಲ್ಲ ಮಬ್ಬಾಗಿ, ನವಿಲಿನ ಗರಿಯ ಗೆರೆಗಳು ಮುಚ್ಚಿಹೋಗುತ್ತವೆ.

ಎರೆಯುವ ಹೊತ್ತಿಗೆ ಅಚ್ಚನ್ನು ನೀರಿನಿಂದ ತೆಗೆದು, ಒಳಗೆ ನಿಂತ ಹನಿಗಳನ್ನು ಝಾಡಿಸಿ, ಹೋಳುಗಳನ್ನು ಕೂಡಿಸಿ ದಪ್ಪ ನೂಲಿನಿಂದಾಗಲಿ ರಬ್ಬರಿನಿಂದಾಗಲಿ ಬಿಗಿಯಾಗಿ ಕಟ್ಟಿರಿ. ಎರೆಯುವ ಬಾಯಿ ಮೇಲಾಗಿರುವಂತೆ ಒಂದು ಪರಾತದಲ್ಲಿ ಸಾಲಾಗಿ ನಿಲ್ಲಿಸಿಟ್ಟುಕೊಂಡ ಮೇಲೆಯೇ ಒಲೆ ಹಚ್ಚುವುದು ಒಳ್ಳೆಯದು. ಪಾಕ ಹದಕ್ಕೆ ಬಂದಾಗ ನೂಲು ಹುಡುಕಲು ಸಮಯ ಇರುವುದಿಲ್ಲ.

ಇನ್ನು ಪಾಕ. ಮೊದಲ ಸಲಕ್ಕೆ ಅರ್ಧ ಕಿಲೋ ಸಕ್ಕರೆಗಿಂತ ಹೆಚ್ಚು ಇಡಬೇಡಿರಿ, ಏಕೆಂದರೆ ಒಬ್ಬರೇ ಎರೆಯುವಷ್ಟರಲ್ಲಿ ಉಳಿದದ್ದು ಪಾತ್ರೆಯಲ್ಲೇ ಕಲ್ಲಾಗುತ್ತದೆ. ತಳ ದಪ್ಪವಿರುವ ಬೋಗುಣಿಯಲ್ಲಿ ಸಕ್ಕರೆ ಹಾಕಿ, ಸುಮಾರು 200 ಮಿಲಿಲೀಟರ್ ನೀರು ಸುರಿದು, ಪೂರ್ತಿ ಕರಗುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿರಿ. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿದರೆ ಹೊಲಸೆಲ್ಲ ಬೂದು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಮಾಡಿ ಹಿಂಡಿದ ತೆಳುಬಟ್ಟೆಯಲ್ಲಿ ಸೋಸಿರಿ. ಮತ್ತೆ ಒಲೆಗೇರಿಸಿದ ಮೇಲೆ ಸೌಟು ಹಾಕಬೇಡಿರಿ. ಪಾತ್ರೆಯ ಅಂಚಿಗೆ ಸಿಡಿದು ಕೂತ ಸಕ್ಕರೆಯನ್ನು ಒದ್ದೆ ಅರಿವೆಯಿಂದ ಒರೆಸುತ್ತಿರಿ. ಒಂದೆಳೆ ದಾಟಿ, ಎರಡೆಳೆ ದಾಟಿ, ತಣ್ಣೀರಿಗೆ ಬಿಟ್ಟ ಹನಿಯನ್ನು ಬೆರಳಿನಿಂದ ಕೂಡಿಸಿದರೆ ಮೆತ್ತನೆಯ ಉಂಡೆಯಾಗುವ ಹದಕ್ಕೆ ಬಂದಾಗ ಕೆಳಗಿಳಿಸಿರಿ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ಒಲೆಯಿಂದ ಇಳಿಸಿದ ಪಾಕವನ್ನು ಕಟ್ಟಿಗೆಯ ಸೌಟಿನ ಬೆನ್ನಿನಿಂದ ಬೋಗುಣಿಯ ಗೋಡೆಗೆ ಒತ್ತಿ ತಿಕ್ಕಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸೌಟು ತಾಗಿದ ಜಾಗದಲ್ಲಿ ಮಾತ್ರ ಒಂದು ಬಿಳಿ ಪಟ್ಟಿ ಮೂಡುತ್ತದೆ. ಆ ಬಿಳುಪನ್ನು ನಡುವಿನ ಪಾಕಕ್ಕೆ ತಿರುಗಿಸಿ ಮತ್ತೆ ತಿಕ್ಕಿದರೆ ನೋಡನೋಡುತ್ತ ಇಡೀ ಪಾಕ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಸೌಟಿನ ಸಪ್ಪಳವೂ ಕರಕರ ಎನ್ನತೊಡಗುತ್ತದೆ. ದೋಸೆ ಹಿಟ್ಟಿನಂತೆ ಹರಿಯುತ್ತಿರುವಾಗಲೇ, ಒಂದು ಕ್ಷಣವೂ ತಡಮಾಡದೆ ಅಚ್ಚಿಗೆ ಸಣ್ಣ ಧಾರೆಯಾಗಿ ಎರೆದು, ಅಚ್ಚನ್ನು ನೆಲಕ್ಕೆ ಒಂದೆರಡು ಸಲ ಮೆಲ್ಲಗೆ ಬಡಿಯಿರಿ; ಇಲ್ಲದಿದ್ದರೆ ಆನೆಯ ಸೊಂಡಿಲಿನೊಳಗೆ ಗಾಳಿ ಸಿಕ್ಕಿ ಸೊಂಡಿಲೇ ಇಲ್ಲದ ಆನೆ ಬರುತ್ತದೆ. ಸಣ್ಣ ಗೊಂಬೆಗಳು ಹತ್ತು ಹದಿನೈದು ನಿಮಿಷಕ್ಕೆ ಬಿಡುತ್ತವೆ. ಬಿಡಿಸುವಾಗ ಚಾಕು ತೂರಿಸಬೇಡಿರಿ, ನೂಲು ಬಿಚ್ಚಿ ಮೇಲಿನ ಹೋಳನ್ನು ನೇರವಾಗಿ ಎತ್ತಿರಿ.

ನಿಂಬೆ ಮಾತ್ರ ಬೇಡವೇ ಬೇಡ. ಕಾರಣವನ್ನು ತಿಳಿದವರು ಹೇಳಲಿ.

ನಿವೃತ್ತ ರಸಾಯನಶಾಸ್ತ್ರ ಮಾಸ್ತರ (ಧಾರವಾಡ) ಉತ್ತರಿಸಿದ್ದು:

ಹಾನಗಲ್ಲ ಅಕ್ಕನವರು ಹೇಳಿದ ಕ್ರಮದಲ್ಲಿ ತಿದ್ದುವಂಥದ್ದು ಹೆಚ್ಚೇನೂ ಇಲ್ಲ. ನಿಂಬೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಆ ಎರಡೂ ವಿಡಿಯೊಗಳು ಬಹುಶಃ ತಮ್ಮ ತಮ್ಮ ಮಟ್ಟಿಗೆ ಸರಿಯೇ ಇರುತ್ತವೆ, ಏಕೆಂದರೆ ಅವು ಬೇರೆ ಬೇರೆ ಪದಾರ್ಥಗಳ ಕುರಿತು ಮಾತನಾಡುತ್ತಿವೆ.

20 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು 100 ಡಿಗ್ರಿಯಲ್ಲಿ 480 ಗ್ರಾಂಗಿಂತ ಹೆಚ್ಚನ್ನು ಕರಗಿಸಿಕೊಳ್ಳಬಲ್ಲದು. ಉಂಡೆ ಪಾಕದ ಹದದಲ್ಲಿ ಪಾಕದ ತೂಕದ ಶೇ. 85ರಷ್ಟು ಸಕ್ಕರೆಯೇ ಇರುತ್ತದೆ. ಇಳಿಸಿದ ಮೇಲೆ ತಾಪ ತಗ್ಗಿದಂತೆಲ್ಲ ಅಷ್ಟೊಂದು ಸಕ್ಕರೆಯನ್ನು ಹಿಡಿದಿಡುವ ಶಕ್ತಿ ನೀರಿಗೆ ಇರುವುದಿಲ್ಲವಾದ್ದರಿಂದ, ಹೆಚ್ಚಿನದು ಹರಳಾಗಿ ಹೊರಬರಲು ಒಂದು ನೆಪಕ್ಕಾಗಿ ಕಾಯುತ್ತಿರುತ್ತದೆ. ಸೌಟಿನಿಂದ ತಿಕ್ಕುವುದೆಂದರೆ ಆ ನೆಪವನ್ನು ನಾವೇ ಒದಗಿಸುವುದು. ಒಮ್ಮೆಲೇ ಅಸಂಖ್ಯ ಕಡೆ ಹರಳು ಹುಟ್ಟಿದರೆ ಯಾವುದೂ ದೊಡ್ಡದಾಗಿ ಬೆಳೆಯಲಾರದು, ಆಗ ಗೊಂಬೆ ನುಣುಪಾಗಿ, ಗಟ್ಟಿಯಾಗಿ, ಬೆಳಕನ್ನು ಚದುರಿಸುವ ಬಿಳುಪಿನಿಂದ ಕೂಡಿರುತ್ತದೆ. ಅದಕ್ಕೆ ವಿರುದ್ಧವಾಗಿ, ಕುದಿಯುವಾಗಲೇ ಅಂಚಿನಿಂದ ನಾಲ್ಕು ಹರಳು ಒಳಗೆ ಬಿದ್ದರೆ ಅವೇ ಬೆಳೆದು ಪಾಕ ಒರಟಾಗುತ್ತದೆ. ಕುದಿಯುವಾಗ ಸೌಟು ಬೇಡ, ಇಳಿಸಿದ ಮೇಲೆ ಬೇಕು ಎಂಬ ಮಾತಿನ ಹಿಂದಿರುವುದು ಇದೇ.

ನಿಂಬೆಯ ಹುಳಿಯು ಕುದಿಯುವ ಪಾಕದಲ್ಲಿ ಸಕ್ಕರೆಯ ಒಂದು ಭಾಗವನ್ನು ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆಯುತ್ತದೆ. ಇವು ಹರಳುಗಟ್ಟುವಿಕೆಗೆ ಅಡ್ಡಬರುತ್ತವೆ. ಗುಲಾಬ್ ಜಾಮೂನಿನ ಪಾಕ ಗಟ್ಟಿಯಾಗದೆ ಉಳಿಯಬೇಕು, ಗಾಜಿನಂಥ ಪೆಪ್ಪರ್‌ಮಿಂಟ್ ಪಾರದರ್ಶಕವಾಗಿರಬೇಕು. ಅಲ್ಲಿ ನಿಂಬೆ ಅಥವಾ ಗ್ಲೂಕೋಸ್ ಸಿರಪ್ ಉಪಕಾರಿ. ಸಕ್ಕರೆ ಆರತಿ ಎಂಬುದು ಮೊದಲಿನಿಂದ ಕೊನೆಯವರೆಗೆ ಹರಳೇ ಆಗಿರುವ ಮಿಠಾಯಿ. ಇಲ್ಲಿ ನಿಂಬೆ ಹಿಂಡಿದರೆ ಗೊಂಬೆ ಹಿಡಿಯುವುದೇ ಇಲ್ಲ, ಹಿಡಿದರೂ ಫ್ರುಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಂಡು ಮರುದಿನಕ್ಕೆ ಮೈ ಜಿಗುಟಾಗುತ್ತದೆ. ಮೈಸೂರು ಕಡೆಯವರು ಸಂಕ್ರಾಂತಿಗೆ ಮಾಡುವ ಸಕ್ಕರೆ ಅಚ್ಚು ಕೂಡ ಇದೇ ಜಾತಿಯದಾದ್ದರಿಂದ, ವಿಡಿಯೊ ನೋಡಲೇಬೇಕೆಂದಿದ್ದರೆ ಅವರದನ್ನು ನೋಡಿರಿ.

ಥರ್ಮಾಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ. ಪುಸ್ತಕಗಳಲ್ಲಿ ಈ ಹದಕ್ಕೆ 112ರಿಂದ 116 ಡಿಗ್ರಿ ಎಂದು ಬರೆದಿರುತ್ತದೆ, ಆದರೆ ಅದು ಸಮುದ್ರಮಟ್ಟದ ಲೆಕ್ಕ. ಧಾರವಾಡ ಸುಮಾರು 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ನಮ್ಮಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಪಾಕದ ಲೆಕ್ಕದಲ್ಲೂ ಎರಡು ಎರಡೂವರೆ ಡಿಗ್ರಿ ಕಳೆಯಬೇಕು. ಇಲ್ಲದಿದ್ದರೆ ಪುಸ್ತಕದ ಅಂಕಿಗಾಗಿ ಕಾಯುತ್ತ ಪಾಕವನ್ನು ಅತಿಯಾಗಿ ಕಾಯಿಸಿ, ಬೋಗುಣಿಯಲ್ಲೇ ಹೆಪ್ಪುಗಟ್ಟಿಸಿಕೊಳ್ಳುತ್ತೇವೆ. ಹಾಗಾದರೂ ಗಾಬರಿ ಬೇಡ; ಸ್ವಲ್ಪ ಬಿಸಿನೀರು ಸೇರಿಸಿ ಪೂರ್ತಿ ಕರಗಿಸಿ ಮತ್ತೆ ಹದಕ್ಕೆ ತರಬಹುದು. ಪದೇ ಪದೇ ಕಾಯಿಸಿದರೆ ಮಾತ್ರ ಹಳದಿ ಬಣ್ಣ ಬರುತ್ತದೆ.

ತಿಕ್ಕಲು ಕೈಯಲ್ಲಿ ಬಲವಿಲ್ಲದವರು ಇಳಿಸಿದ ಪಾಕಕ್ಕೆ ಒಂದು ಚಮಚ ನುಣ್ಣನೆಯ ಪಿಠಿ ಸಕ್ಕರೆ (ಪುಡಿ ಸಕ್ಕರೆ) ಉದುರಿಸಿ ಕಲಕಿದರೆ ಆ ಕಣಗಳೇ ಬೀಜವಾಗಿ ಹರಳುಗಟ್ಟುವಿಕೆ ಬೇಗ ಶುರುವಾಗುತ್ತದೆ.

ಹಾನಗಲ್ಲ ಅಕ್ಕ:

ಮಾಸ್ತರ ಮಾತಿಗೆ ಎದುರಾಡುತ್ತಿಲ್ಲ. ಆದರೆ ಪಿಠಿ ಸಕ್ಕರೆ ಹಾಕಿದಾಗ ಪಾಕ ಎಷ್ಟು ಬೇಗ ಬಿಗಿಯುತ್ತದೆಂದರೆ, ಹೊಸಬರಿಗೆ ಎರಡನೆಯ ಅಚ್ಚು ತುಂಬುವಷ್ಟೂ ಅವಕಾಶ ಸಿಗುವುದಿಲ್ಲ. ಕೈ ಪಳಗಿದ ಮೇಲೆ ಪ್ರಯೋಗಿಸಲಿ. ಇನ್ನೊಂದು ಮಾತು: ಎರೆಯುವ ಕೋಣೆಗೆ ಮಕ್ಕಳನ್ನು ಬಿಡಬೇಡಿರಿ. ಪಾಕ ಮೈಗೆ ಸಿಡಿದರೆ ನೀರಿನಂತೆ ಜಾರದೆ ಅಲ್ಲೇ ಅಂಟಿಕೊಂಡು ಸುಡುತ್ತದೆ.

ದುರ್ಗದ ಬೈಲ್ ಗಿರಾಕಿ (ಹುಬ್ಬಳ್ಳಿ) ಉತ್ತರಿಸಿದ್ದು:

ಹುಣ್ಣಿಮೆ ಹತ್ತಿರ ಬಂದಂತೆ ದುರ್ಗದ ಬೈಲಿನಲ್ಲಿ ಬೇಕಾದಷ್ಟು ಆರತಿ ತೂಕದ ಮೇಲೆ ಸಿಗುವಾಗ ಇಷ್ಟು ಕಷ್ಟ ಏಕೆಂದು ನನಗೆ ಅರ್ಥವಾಗುವುದಿಲ್ಲ. ನಿಶ್ಚಯವಾದ ಮನೆಗೆ ಒಯ್ಯುವುದಾದರೆ ತಟ್ಟೆ ತುಂಬಬೇಕು. ದೊಡ್ಡ ತೇರು, ಗೋಪುರಗಳನ್ನು ಕೊಂಡುಕೊಂಡು, ಆನೆ, ನವಿಲು, ಬಸವಣ್ಣಗಳನ್ನು ಮಾತ್ರ ಮನೆಯಲ್ಲಿ ಮಾಡಿದರೆ ಅತ್ತೆಯವರ ಅಚ್ಚಿಗೂ ಮರ್ಯಾದೆ, ನಿಮಗೂ ನೆಮ್ಮದಿ.

ಮಾಳಮಡ್ಡಿ ಮನೆ:

ತಮ್ಮೆಲ್ಲರಿಗೂ ಧನ್ಯವಾದಗಳು. ತೇರಿನ ವಿಷಯದಲ್ಲಿ ಹುಬ್ಬಳ್ಳಿಯವರ ಸಲಹೆ ನನಗೂ ಒಪ್ಪಿಗೆಯಾಗುತ್ತಿದೆ, ಆದರೂ ಒಮ್ಮೆ ಎರೆದು ನೋಡದೆ ಬಿಡುವ ಮನಸ್ಸಿಲ್ಲ. ಈಗ ಉಳಿದಿರುವುದು ಎರಡು ಸಂಶಯ. ಗುಲಾಬಿ ಮತ್ತು ಹಳದಿ ಗೊಂಬೆಗಳಿಗೆ ಯಾವ ಬಣ್ಣ ಹಾಕಬೇಕು? ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಮಾಡಿಟ್ಟರೆ, ಕಾರ್ತೀಕದಲ್ಲಿಯೂ ಬೀಳುತ್ತಿರುವ ಈ ಅಕಾಲಿಕ ಮಳೆಯ ನಡುವೆ ಅವು ತಡೆಯುತ್ತವೆಯೇ, ಹಾವೇರಿಯವರೆಗೆ ಮುರಿಯದೆ ಮುಟ್ಟುತ್ತವೆಯೇ?

ಗದಗಿನ ಮಿಠಾಯಿ ಮನೆತನ ಉತ್ತರಿಸಿದ್ದು:

ನಮ್ಮ ಮನೆಯಲ್ಲಿ ಈ ಕಸುಬು ಹಿಂದಿನಿಂದ ನಡೆದುಬಂದಿದೆ, ಆದ್ದರಿಂದ ಬಣ್ಣದ ಬಗ್ಗೆ ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ಪೇಟೆಯಲ್ಲಿ ಬಿಡಿಯಾಗಿ ಪುಡಿಕೆ ಕಟ್ಟಿ ಮಾರುವ ಗುಲಾಬಿ ಪುಡಿಯನ್ನು ಯಾರು ಎಷ್ಟೇ ಹೊಗಳಿದರೂ ತರಬೇಡಿರಿ. ಅಂಥ ಕಣ್ಣುಕುಕ್ಕುವ ಗುಲಾಬಿಯಲ್ಲಿ ರೋಡಮಿನ್-ಬಿ ಇರುವ ಸಾಧ್ಯತೆ ಇದೆ. ಬಟ್ಟೆಗೆ ಹಾಕುವ ಈ ಬಣ್ಣಕ್ಕೆ ಆಹಾರದಲ್ಲಿ ಅನುಮತಿಯೇ ಇಲ್ಲ, 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಯ ವಿಷಯದಲ್ಲಿ ಕ್ರಮ ಕೈಗೊಂಡದ್ದು ಇಂಥ ಬಣ್ಣಗಳಿಂದಾಗಿಯೇ. ಆಹಾರದ ಬಣ್ಣ ಎಂದು ಪರವಾನಗಿ ಸಂಖ್ಯೆಯೊಂದಿಗೆ ಮುದ್ರಿತವಾದ ಡಬ್ಬಿಯನ್ನೇ ತನ್ನಿರಿ. ಮಿಠಾಯಿಯಲ್ಲಿ ಅನುಮತಿ ಇರುವ ಕೃತಕ ಬಣ್ಣವೂ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, ಅಂದರೆ ಅರ್ಧ ಕಿಲೋ ಪಾಕಕ್ಕೆ ಕಡ್ಡಿಯ ತುದಿಯಲ್ಲಿ ನಿಂತಷ್ಟೇ ಸಾಕು. ಹಳದಿಗೆ ಒಂದು ಚಿಟಿಕೆ ಅರಿಶಿನ ಅಥವಾ ಹಾಲಿನಲ್ಲಿ ನೆನೆಸಿದ ಕೇಸರಿ ಚೆನ್ನಾಗಿ ಕೂಡುತ್ತದೆ. ಬೀಟ್‌ರೂಟ್ ರಸ ಮಾತ್ರ ಈ ಬಿಸಿಗೆ ಕಂದು ತಿರುಗುತ್ತದೆ, ನೀರಿನಂಶವನ್ನೂ ಹೆಚ್ಚಿಸುತ್ತದೆ. ಬಿಳುಪು ಹೆಚ್ಚಲೆಂದು ಕೆಲವರು ಹೈಡ್ರೋಸ್ ಎಂಬ ಬಿಳುಪು ಮಾಡುವ ರಾಸಾಯನಿಕ ಹಾಕಲು ಹೇಳಬಹುದು. ಮನೆಯಲ್ಲಿ ತಿನ್ನುವ ಪದಾರ್ಥಕ್ಕೆ ಅದನ್ನು ಹತ್ತಿರವೂ ತರಬೇಡಿರಿ. ನನ್ನ ಕೇಳಿದರೆ, ಆನೆಯನ್ನು ಬಿಳಿಯಾಗಿಯೇ ಬಿಡುವುದು ಚೆಂದ.

ತೇರಿನ ಅಚ್ಚು ದೊಡ್ಡದಿದ್ದರೆ ಗಟ್ಟಿಯಾಗಿ ತುಂಬಬೇಕಿಲ್ಲ. ಎರೆದು ಸ್ವಲ್ಪ ಹೊತ್ತಿಗೆ, ಗೋಡೆಗೆ ಹತ್ತಿದ ಪದರು ಬಿಗಿದು ನಡುವಿನದು ಇನ್ನೂ ಹರಿಯುತ್ತಿರುವಾಗ ಅಚ್ಚನ್ನು ಬೋರಲು ಹಾಕಿದರೆ ಉಳಿದ ಪಾಕ ಹೊರಬಂದು ಗೊಂಬೆ ಟೊಳ್ಳಾಗುತ್ತದೆ, ತೂಕವೂ ತಗ್ಗುತ್ತದೆ. ಆ ಹೊತ್ತನ್ನು ಹಿಡಿಯುವುದು ರೂಢಿಯ ಮಾತು. ನೀವು ಈ ವರ್ಷ ತೇರನ್ನು ಕೊಳ್ಳುವುದೇ ಲೇಸು.

ಮಳೆಗೆ ಹೆದರಬೇಡಿರಿ. ಹುಳಿ ಬೀಳದ ಶುದ್ಧ ಸಕ್ಕರೆಯ ಗೊಂಬೆ ಸಾಧಾರಣ ತೇವಕ್ಕೆ ಕರಗುವುದಿಲ್ಲ. ಅಚ್ಚಿನಿಂದ ತೆಗೆದವುಗಳನ್ನು ಒಂದು ರಾತ್ರಿ ಫ್ಯಾನಿನ ಕೆಳಗೆ ಬಟ್ಟೆಯ ಮೇಲೆ ಆರಲು ಬಿಟ್ಟು, ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿರಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತವೆ. ಫ್ರಿಜ್ಜಿನಲ್ಲಿಯೂ ಇಡಬಾರದು, ಹೊರತೆಗೆದ ಕೂಡಲೇ ಮೈಮೇಲೆ ನೀರು ಮೂಡುತ್ತದೆ. ಆರುವ ರಾತ್ರಿ ಇರುವೆ ಬಾರದಂತೆ ಮೇಜಿನ ನಾಲ್ಕೂ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸಿರಿ.

ಪ್ರಯಾಣಕ್ಕೆ ಡಬ್ಬಿಯ ತಳದಲ್ಲಿ ಒಣ ಚುರುಮರಿಯನ್ನು ನಾಲ್ಕು ಬೆರಳು ಎತ್ತರಕ್ಕೆ ಹಾಸಿ, ಗೊಂಬೆಗಳು ಒಂದಕ್ಕೊಂದು ತಾಗದಂತೆ ಮಲಗಿಸಿ, ನಡುವಿನ ಸಂದುಗಳನ್ನೂ ಮೇಲ್ಭಾಗವನ್ನೂ ಚುರುಮರಿಯಿಂದಲೇ ತುಂಬಿರಿ. ಹತ್ತಿಗಿಂತ ಇದು ಮೇಲು, ಏಕೆಂದರೆ ಹತ್ತಿಯ ಎಳೆ ಗೊಂಬೆಗೆ ಅಂಟಿದರೆ ಬಿಡಿಸಲಾಗದು, ಚುರುಮರಿಯನ್ನು ಊದಿದರೆ ಸಾಕು. ಬಸ್ಸಿನಲ್ಲಿ ಹೋಗುವುದಾದರೆ ಡಬ್ಬಿಯನ್ನು ಮೇಲಿನ ಕ್ಯಾರಿಯರಿನಲ್ಲಿ ಇಡದೆ ತೊಡೆಯ ಮೇಲೆ ಇಟ್ಟುಕೊಳ್ಳಿರಿ. ಪ್ರತಿಯೊಂದು ಅಚ್ಚಿನಿಂದ ಒಂದೆರಡು ಹೆಚ್ಚುವರಿ ಗೊಂಬೆ ಇರಲಿ. ಒಂಟೆಯ ಕಾಲು ಎಲ್ಲರ ಕೈಯಲ್ಲೂ ಮುರಿಯುತ್ತದೆ. ಮುರಿದರೆ ಪಿಠಿ ಸಕ್ಕರೆಗೆ ನಾಲ್ಕು ಹನಿ ನೀರು ಬೆರೆಸಿ ಗಟ್ಟಿ ಅಂಟು ಮಾಡಿ ಅಂಟಿಸಿ, ಒಣಗುವವರೆಗೆ ಅಲುಗಾಡಿಸದೆ ಇಟ್ಟರೆ ಸಂಜೆಯ ಆರತಿಗೆ ಗೊಂಬೆ ನಿಲ್ಲುತ್ತದೆ.

ಕೆಲಸ ಮುಗಿದ ದಿನವೇ ಅಚ್ಚುಗಳನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕದೆ ನೆರಳಿನಲ್ಲಿ ಒಣಗಿಸಿರಿ. ಪೂರ್ತಿ ಒಣಗುವ ಮೊದಲು ಟ್ರಂಕಿಗೆ ಸೇರಿಸಿದರೆ ಬೂಸು ಹಿಡಿಯುತ್ತದೆ.