ಇನ್ಫರ್ಮೇಶನ್ ಲಿಟರಸಿ: ಬ್ಯಾನರಿಗೆ ಕನ್ನಡ ಪದ ಬೇಕು, ಇವತ್ತು ಸಂಜೆಯೊಳಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಶನಿವಾರ ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಇನ್ಫರ್ಮೇಶನ್ ಲಿಟರಸಿ ತರಬೇತಿ, ಅಂದರೆ ಬೇಕಾದ ಮಾಹಿತಿಯನ್ನು ಹುಡುಕಿ, ತೂಗಿ ನೋಡಿ, ಸರಿಯಾಗಿ ಬಳಸುವುದನ್ನು ಕಲಿಸುವುದು. ಬ್ಯಾನರಿನಲ್ಲಿ ಮಲಯಾಳದ ಸಾಲು ‘ವಿವರ ಸಾಕ್ಷರತ’ ಎಂದು ಆಗಿದೆ, ಕನ್ನಡದ ಸಾಲು ಖಾಲಿ. ಫ್ಲೆಕ್ಸಿನವರು ಐದು ಗಂಟೆಗೆ ಪ್ರಿಂಟಿಗೆ ಹಾಕುತ್ತಾರೆ. ಅಷ್ಟರಲ್ಲಿ ಪದ ಸಿಗದಿದ್ದರೆ ಕನ್ನಡವಿಲ್ಲದೆಯೇ ಬ್ಯಾನರ್ ಏರುತ್ತದೆ. ಮಲಯಾಳದ್ದನ್ನೇ ಕನ್ನಡ ಅಕ್ಷರದಲ್ಲಿ ಬರೆದರೆ ಸಾಲದೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸಾಲದು. ಅವರ ‘ವಿವರ’ ಅಂದರೆ ಮಾಹಿತಿ, ತಿಳಿವಳಿಕೆ. ಅದು ನಮ್ಮ ವಿವರ ಅಲ್ಲ.

ಕಲಿಸುವುದು ಏನು ಅಂತ ಹೇಳಿಬಿಡುತ್ತೇನೆ. ಕಳೆದ ವಾರ ಒಬ್ಬ ಹುಡುಗ ಗೋವಿಂದ ಪೈಗಳ ಮೇಲೆ ಅಸೈನ್‌ಮೆಂಟ್ ತಂದ. ನಾಲ್ಕು ಪುಟ, ಚೆಂದದ ಕೈಬರಹ. ಮೂರನೇ ಪುಟದ ನಡುವೆ ‘ಇದನ್ನೂ ಓದಿ’ ಎಂಬ ಸಾಲು, ಅದರ ಕೆಳಗೆ ಚಿನ್ನದ ಬೆಲೆಯ ಸುದ್ದಿಯ ತಲೆಬರಹ. ಫೋನಿನಲ್ಲಿ ಕಂಡದ್ದನ್ನು ಕಂಡ ಹಾಗೆ ಇಳಿಸಿದ್ದ. ಎಲ್ಲಿಂದ ತೆಗೆದದ್ದು ಎಂದರೆ ‘ಗೂಗಲಿನಿಂದ’ ಎಂದ. ಅವನು ಕೂತಲ್ಲಿಂದ ಹತ್ತು ಹೆಜ್ಜೆಗೆ 894.814ರ ಕಪಾಟು, ಅಂದರೆ ಕನ್ನಡ ಸಾಹಿತ್ಯದ್ದು, ಪೈಗಳ ಸಂಶೋಧನ ಲೇಖನಗಳ ದಪ್ಪ ಸಂಪುಟ ಅಲ್ಲೇ ಇದೆ. ಬುದ್ಧಿ ಇಲ್ಲದ ಹುಡುಗನಲ್ಲ. ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೆ.

*

ಪೆರ್ಲದಿಂದ:

‘ಮಾಹಿತಿ ಸಾಕ್ಷರತೆ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ. ಅದು ಅರಿಸಮಾಸ. ಸಲ್ಲದು.

ನಮ್ಮಲ್ಲೇ ಒಳ್ಳೆಯ ಧಾತು ಇದೆ: ಹಳಗನ್ನಡದ ‘ಆರಯ್’. ಹುಡುಕಿ ನೋಡು, ವಿಚಾರಿಸು ಎಂಬ ಅರ್ಥ. ತಮಿಳರು ಅದೇ ಬೇರಿನ ‘ಆರಾಯ್ಚಿ’ಯನ್ನು ಸಂಶೋಧನೆಗೆ ಇಟ್ಟುಕೊಂಡರು. ಮಲಯಾಳದಲ್ಲಿ ‘ಆರಾಯುಕ’ ಇಂದಿಗೂ ಜೀವಂತ. ನಾವು ಮಾತ್ರ ‘ಆರೈಕೆ’ ಮಾಡಿ ರೋಗಿ, ಬಾಣಂತಿಯರ ಹತ್ತಿರ ಬಿಟ್ಟೆವು. ‘ಅರಿವಿನ ಆರಯ್ಕೆ’ ಎಂದು ಹಾಕಿ.

*

ಅಕ್ಕಲಕೋಟೆಯಿಂದ:

ಮಾಸ್ತರ್ರ, ಅರಿಸಮಾಸ ಅನ್ನೋದು ಕನ್ನಡ ಸಂಸ್ಕೃತ ಕೂಡಿಸಿದಾಗಿನ ಮಾತು. ಮಾಹಿತಿ ಈ ಎರಡೂ ಅಲ್ಲ, ಮರಾಠಿಯಿಂದ ಬಂದದ್ದು. ಇಲ್ಲಿ ಮಹಾರಾಷ್ಟ್ರದಾಗ ನಮ್ಮ ಕಿವಿಗೆ ದಿನಾ ಬೀಳ್ತದ. ಹಿಂದಿನ ಕವಿಗಳು ಬಳಸಿದ್ದಕ್ಕೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿಗೆ ಕೊಟ್ಟಾನ. ಚಳಿಜ್ವರಕ್ಕ ನೀವು ಬ್ಯಾರೆ ಹೆಸರು ಇಟ್ಟೀರೇನು?

ಅರಿವಿನ ಆರಯ್ಕೆ ಅಂದ್ರ ಹುಡುಗರು ಆಸ್ಪತ್ರಿ ಶಿಬಿರ ಅಂತ ತಿಳೀತಾರ.

*

ಮಂಜೇಶ್ವರದಿಂದ:

ಸಮಾಸದ ಜಗಳ ಆಮೇಲೆ ಆಗಲಿ. ನನ್ನ ತಕರಾರು ‘ಸಾಕ್ಷರತೆ’ಯ ಮೇಲೆ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ಎಂದು ಘೋಷಣೆಯಾಯಿತು. ಅದಕ್ಕೆ ಮುಂಚೆ ರಾತ್ರಿ ತರಗತಿಗಳಲ್ಲಿ ಕಲಿಸಿದವರಲ್ಲಿ ನಾನೂ ಒಬ್ಬಳು. ಬೀಡಿ ಸುತ್ತಿ ಬೆರಳು ಒರಟಾದ ಅಮ್ಮಂದಿರ ಕೈ ಹಿಡಿದು ‘ಅ’ ಬರೆಸಿದ್ದೇನೆ. ಈ ಊರಿನಲ್ಲಿ ಸಾಕ್ಷರತೆ ಅಂದರೆ ಆ ಕೆಲಸ. ಡಿಗ್ರಿ ಓದುವ ಮಕ್ಕಳು ಬ್ಯಾನರ್ ನೋಡಿ, ನಾವೇನು ಅಕ್ಷರ ಬಾರದವರೇ ಎಂದು ಕೇಳಿದರೆ ತಪ್ಪಲ್ಲ.

‘ಮಾಹಿತಿ ವಿವೇಕ’ ಎನ್ನಿ. ವಿವೇಕದ ಧಾತು ‘ವಿಚ್’, ಬೇರ್ಪಡಿಸು ಎಂದು. ಗೆರಸೆಯಲ್ಲಿ ಅಕ್ಕಿ ಕೇರಿ ಹೊಟ್ಟು ಹಾರಿಸುವ ಕೆಲಸವೇ ಅದು. ಆ ಹುಡುಗನಿಗೆ ಬೇಕಾದದ್ದೂ ಅದೇ.

*

ಪೆರ್ಲದಿಂದ:

ಟೀಚರ್ ಹೇಳಿದ್ದು ಸುಂದರವಾಗಿದೆ. ಆದರೆ ಅದೂ ಸಂಸ್ಕೃತವೇ. ಮರಾಠಿಯದ್ದು ನಡೆಯುತ್ತದೆ, ಸಂಸ್ಕೃತದ್ದು ನಡೆಯುತ್ತದೆ, ನಾಳೆ ‘ವಿವರ’ವೂ ನಡೆಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಮಣ್ಣಿನಲ್ಲಿ ಕನ್ನಡ ಉಳಿದದ್ದು ‘ನಡೆಯುತ್ತದೆ ಬಿಡಿ’ ಎಂದವರಿಂದಲ್ಲ.

*

ಅಕ್ಕಲಕೋಟೆಯಿಂದ:

ನಮ್ಮ ಕಡೆ ಸರಕಾರಿ ಕಾಗದ ಎಲ್ಲಾ ಮರಾಠಿ. ಅದರೊಳಗಿನ ಅರ್ಧ ಪದ ಕನ್ನಡ ಮಾಡ್ಕೊಂಡೇ ಮನ್ಯಾಗ ಕನ್ನಡ ಆಡ್ಕೋತ ಬಂದೇವಿ. ಎರವಲು ತಂದವರೆಲ್ಲ ಭಾಷೆ ಬಿಟ್ಟವರಲ್ಲ.

*

ಕಾಸರಗೋಡಿನಿಂದ:

ನಾಲ್ಕೂ ಮುಕ್ಕಾಲಕ್ಕೆ ಕಳಿಸಿಬಿಟ್ಟೆ. ಬ್ಯಾನರಿನಲ್ಲಿ ‘ಮಾಹಿತಿ ಸಾಕ್ಷರತೆ’ ಎಂದೇ ಇದೆ. ಕಾರಣ ಹೇಳಬೇಕು, ಮಾಸ್ಟ್ರೇ, ಬೇಸರಿಸಬೇಡಿ.

ಗ್ರಂಥಾಲಯದವರಿಗೆ ಪದ ಅಂದರೆ ಕೀಲಿಕೈ. 1974ರಲ್ಲಿ ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ ಈ ಹೆಸರನ್ನು ಬಳಕೆಗೆ ತಂದಾಗ ಅವರ ಕಣ್ಣು ಇದ್ದದ್ದು ಉದ್ಯೋಗಸ್ಥರ ಮೇಲೆ. 1989ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘದ ಸಮಿತಿ ಅದಕ್ಕೆ ಸ್ಪಷ್ಟ ಅರ್ಥ ಕೊಟ್ಟಿತು: ಮಾಹಿತಿ ಬೇಕು ಎಂದು ತಿಳಿಯುವುದು, ಹುಡುಕುವುದು, ತೂಗಿ ನೋಡುವುದು, ಸರಿಯಾಗಿ ಬಳಸುವುದು. ಕನ್ನಡದ ಗ್ರಂಥಾಲಯ ವಿಜ್ಞಾನದ ಬರಹಗಳಲ್ಲಿ ಇದು ‘ಮಾಹಿತಿ ಸಾಕ್ಷರತೆ’ ಎಂದೇ ಬಂದಿದೆ. ಶನಿವಾರ ಮನೆಗೆ ಹೋದ ಹುಡುಗಿ ಬ್ಯಾನರಿನ ಪದವನ್ನು ಫೋನಿನಲ್ಲಿ ಹಾಕಿದರೆ ಓದಲಿಕ್ಕೆ ಏನಾದರೂ ಸಿಗಬೇಕು. ‘ಅರಿವಿನ ಆರಯ್ಕೆ’ ಹಾಕಿದರೆ ಈ ಓಲೆಗಳ ಹೊರತು ಏನೂ ಸಿಗಲಾರದು. ಹುಡುಕುವುದನ್ನು ಕಲಿಸುವ ದಿನವೇ ಹುಡುಕಿದರೆ ಸಿಗದ ಪದ ಕೊಡಲು ನನಗೆ ಮನಸ್ಸು ಬರಲಿಲ್ಲ.

ಟೀಚರ ಗೆರಸೆ ಮಾತ್ರ ಕರಪತ್ರಕ್ಕೆ ಬರುತ್ತದೆ, ಮೊದಲ ಪುಟಕ್ಕೇ. ಆಕರ, ಉಲ್ಲೇಖ, ಕೃತಿಚೌರ್ಯ ಎಂಬ ಮೂರನ್ನು ಹಾಗೆಯೇ ಇಟ್ಟಿದ್ದೇನೆ. ಅವು ಕನ್ನಡ ವಿಭಾಗದವರ ಬಾಯಲ್ಲಿ ಮೊದಲೇ ಇವೆ. ಸಿಕ್ಕಿಬಿದ್ದದ್ದು ‘ಪೀಯರ್ ರಿವ್ಯೂ’. ‘ಸಮಾನಸ್ಕಂಧರ ವಿಮರ್ಶೆ’ ಎಂದರೆ ಮಕ್ಕಳು ಅಲ್ಲೇ ಎಡವುತ್ತಾರೆ. ‘ಅದೇ ವಿಷಯದ ಬಲ್ಲವರು ಪ್ರಕಟಣೆಗೆ ಮೊದಲು ಪರೀಕ್ಷಿಸಿದ್ದು’ ಎಂದರೆ ಪಟ್ಟಿಯಲ್ಲಿ ಹಿಡಿಯುವುದಿಲ್ಲ. ಕರಪತ್ರ ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗುತ್ತದೆ. ಮಾಸ್ಟ್ರೇ, ಇದಕ್ಕೆ ನಿಮ್ಮ ‘ಆರಯ್’ ಒದಗುತ್ತದೋ ನೋಡಿ ಹೇಳಿ.