ಪಾರ್ಶ್ವವಾಯುವಿನ ನಂತರ ನಿದ್ದೆಯಿಲ್ಲ, ಎಚ್‌ಆರ್‌ವಿ ಕಡಿಮೆ: ಅನುಭವವಿರುವವರು ತಿಳಿಸಿ

ನಮ್ಮ ಯಜಮಾನರಿಗೆ ಐದು ತಿಂಗಳ ಹಿಂದೆ ಪಾರ್ಶ್ವವಾಯು ಆಯಿತು. ಎಡಗೈ ಸುಧಾರಿಸುತ್ತಿದೆ. ಆದರೆ ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಗ ಕೊಡಿಸಿದ ಸ್ಮಾರ್ಟ್ ವಾಚ್ ಎಚ್‌ಆರ್‌ವಿ, ಅಂದರೆ ಹೃದಯ ಬಡಿತದ ಏರಿಳಿತದ ಅಂಕಿ, 18, 20 ಎಂದು ತೋರಿಸುತ್ತದೆ. ಮಗನದು 60. ಬೆಳಿಗ್ಗೆ ಅದನ್ನು ನೋಡಿಯೇ ಇವರು ಕುಗ್ಗಿಹೋಗುತ್ತಾರೆ. ಏನು ಮಾಡಲಿ?
– ಚಿತ್ರದುರ್ಗದ ಗೃಹಿಣಿ

ತಂಗಿ, ನನಗೂ ಮೂರು ವರ್ಷದ ಹಿಂದೆ ಬಲಭಾಗಕ್ಕೆ ಹೊಡೆದಿತ್ತು. ಹೃದಯದ ಎರಡು ಬಡಿತಗಳ ನಡುವಿನ ಅಂತರ ಪ್ರತಿ ಸಲವೂ ಕೆಲವು ಮಿಲಿಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ಎಚ್‌ಆರ್‌ವಿ ಎಂದರೆ ಅದರ ಲೆಕ್ಕ. ಆ ಬಡಿತವನ್ನು ಹದಗೊಳಿಸುವ ನರಗಳ ಹಿಡಿತ ಮಿದುಳಿನಲ್ಲಿದೆ. ಅಲ್ಲಿಗೇ ಪೆಟ್ಟು ಬಿದ್ದಾಗ ಈ ಏರಿಳಿತ ಕುಗ್ಗುವುದು ಸಾಮಾನ್ಯ. ವಯಸ್ಸಿನೊಂದಿಗೂ ಕುಗ್ಗುತ್ತದೆ. ದಯವಿಟ್ಟು ಮಗನ ಅಂಕಿಗೆ ಹೋಲಿಸಬೇಡಿ.

ವಾಚ್ ಬಿಡಿ, ಅವರ ಉಸಿರನ್ನು ಗಮನಿಸಿ. ನನ್ನ ತೊಂದರೆಯ ಬೇರು ಸಿಕ್ಕಿದ್ದು ಗೊರಕೆಯಲ್ಲಿ. ಜೋರಾಗಿ ಗೊರೆಯುತ್ತಿದ್ದವನು ತಟ್ಟನೆ ನಿಲ್ಲಿಸುತ್ತಿದ್ದೆನಂತೆ. ಸ್ವಲ್ಪ ಹೊತ್ತು ಸದ್ದೇ ಇಲ್ಲ, ಆಮೇಲೆ ಏದುಸಿರಿನೊಂದಿಗೆ ಎಚ್ಚರ. ಹೆಂಡತಿ ಅದನ್ನು ಮೊಬೈಲಿನಲ್ಲಿ ಹಿಡಿದು ನರರೋಗ ತಜ್ಞರಿಗೆ ತೋರಿಸಿದಳು. ರಾತ್ರಿಯಿಡೀ ನಿದ್ರಾ ಪರೀಕ್ಷೆ ನಡೆಯಿತು. ಗಂಟೆಗೆ 34 ಸಲ ಉಸಿರು ನಿಲ್ಲುತ್ತಿತ್ತು ಅಥವಾ ತಗ್ಗುತ್ತಿತ್ತು. 30 ಮುಟ್ಟಿದರೇ ತೀವ್ರವೆಂದು ಲೆಕ್ಕ. ಇದೇ ಸ್ಲೀಪ್ ಆಪ್ನಿಯಾ. ಪಾರ್ಶ್ವವಾಯು ಆದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಇರುತ್ತದೆ. ಇದು ತಿಳಿಯದೆ ನಾನು ಯಾರನ್ನೂ ಕೇಳದೆ ನಿದ್ದೆ ಮಾತ್ರೆ ನುಂಗಿದ್ದೆ. ಆ ತಪ್ಪು ನಿಮ್ಮಲ್ಲಿ ಆಗಬಾರದು. ಕೆಲವು ಮಾತ್ರೆಗಳಿಂದ ಗಂಟಲಿನ ಸ್ನಾಯು ಸಡಿಲವಾಗಿ ಉಸಿರು ಇನ್ನಷ್ಟು ಕಟ್ಟುತ್ತದೆ.

ಇದಕ್ಕೆ ಕೊಟ್ಟದ್ದು ಸಿಪ್ಯಾಪ್, ಮಲಗಿದಾಗ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಯಂತ್ರ. ಅದರ ಮುಖವಾಡ ಮೊದಲ ಹದಿನೈದು ದಿನ ಹಿಂಸೆಯಾಗಿತ್ತು. ಅಳತೆ ಬದಲಾಯಿಸಿದ ಮೇಲೆ ಒಗ್ಗಿತು. ಈಗ ಐದು ಗಂಟೆ ಒಂದೇ ಸಮನೆ ಮಲಗುತ್ತೇನೆ, ಬೆಳಗಿನ ಬಿಸಿಲಿಗೆ ಕುಂದುವಾಡ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಎಚ್‌ಆರ್‌ವಿ ಈಗಲೂ 24ರ ಆಸುಪಾಸಿನಲ್ಲೇ ಇದೆ.
– ದಾವಣಗೆರೆಯ ನಿವೃತ್ತ ಶಿಕ್ಷಕ

ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ತಾಯಿಯ ವಾಚಿನಲ್ಲಿ 22 ಇದ್ದದ್ದು ಒಂದು ವಾರದಲ್ಲಿ 95ಕ್ಕೆ ಏರಿತು. ಗುಣವಾಗುತ್ತಿದ್ದಾರೆಂದು ಮನೆಯವರೆಲ್ಲ ಸಂತೋಷಪಟ್ಟೆವು. ಇಸಿಜಿಯಲ್ಲಿ ಕಂಡದ್ದು ಏಟ್ರಿಯಲ್ ಫಿಬ್ರಿಲೇಷನ್. ಬಡಿತದ ತಾಳ ತಪ್ಪಿದ್ದನ್ನೇ ವಾಚ್ ಒಳ್ಳೆಯ ಅಂಕಿಯಾಗಿ ತೋರಿಸಿತ್ತು! ಇದರಿಂದ ಮತ್ತೆ ಪಾರ್ಶ್ವವಾಯು ಆಗುವ ಅಪಾಯವಿದೆಯೆಂದು ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಕೊಟ್ಟಿದ್ದಾರೆ. ಮಣಿಕಟ್ಟಿನ ನಾಡಿಯನ್ನು ಬೆರಳಿಟ್ಟು ನೋಡಿ. ಲಯ ತಪ್ಪಿದ್ದರೆ ತಡಮಾಡಬೇಡಿ.
– ಹರಿಹರ ರಸ್ತೆಯಿಂದ

ಅಣ್ಣ, ನಿನ್ನೆ ರಾತ್ರಿ ಪಕ್ಕದಲ್ಲೇ ಕುಳಿತಿದ್ದೆ. ಉಸಿರು ನಿಂತಾಗ ಎಣಿಸಿದೆ, ಇಪ್ಪತ್ತೆರಡರವರೆಗೆ. ವಿಡಿಯೊ ಮಾಡಿಕೊಂಡಿದ್ದೇನೆ. ನಾಡಿದ್ದು ವೈದ್ಯರಿಗೆ ತೋರಿಸಲು ದಾವಣಗೆರೆಗೆ ಬರುತ್ತಿದ್ದೇವೆ.
– ಚಿತ್ರದುರ್ಗದ ಗೃಹಿಣಿ