ಮುದ್ದೆ ತಿಂದರೆ ಶುಗರ್ ಏರುವುದಿಲ್ಲವೇ?

ಪ್ರಶ್ನೆ (ನಿವೃತ್ತ ಮೇಷ್ಟ್ರು, ನಾಗಮಂಗಲ ತಾಲ್ಲೂಕು):
ಡಾಕ್ಟರೇ, ನನಗೆ ಈಗ 61. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ, ದಿನಕ್ಕೆ ಎರಡು. ಹೋದ ಯುಗಾದಿಯಿಂದ ಅನ್ನವನ್ನು ಪೂರ್ತಿ ಬಿಟ್ಟಿದ್ದೇನೆ. ಕಾಫಿಗೆ ಸಕ್ಕರೆ ಇಲ್ಲ, ಒಂದು ಚೂರು ಬೆಲ್ಲ ಅಷ್ಟೇ. ಎರಡು ಹೊತ್ತೂ ಮುದ್ದೆ, ಹೊತ್ತಿಗೆ ಎರಡರಂತೆ. ಆದರೂ ಈ ಸಲದ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.9. ಊಟವಾಗಿ ಎರಡು ಗಂಟೆಗೆ ನೋಡಿದರೆ 260. ಲ್ಯಾಬಿನವರ ಮೇಲೆ ಅನುಮಾನ ಬಂದು ಇನ್ನೊಂದು ಕಡೆ ರಕ್ತ ಕೊಟ್ಟೆ, ಅಲ್ಲಿ 9 ಬಂತು. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ನನಗೆ ಮಾತ್ರ ಏಕೆ ಹೀಗೆ?

ಉತ್ತರ (ವೈದ್ಯರು):
ಮೇಷ್ಟ್ರೇ, ಲ್ಯಾಬಿನವರನ್ನು ಬಿಟ್ಟುಬಿಡಿ, ಪಾಪ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಇದೆ. ವ್ಯತ್ಯಾಸ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ಅದರಲ್ಲಿ 11 ಗ್ರಾಂನಷ್ಟು ನಾರು, ಅಕ್ಕಿಯಲ್ಲಿ ಮೂರೂ ಇಲ್ಲ. ಸುಣ್ಣದಂಶದಲ್ಲಂತೂ ಅಕ್ಕಿ ರಾಗಿಯ ಹತ್ತಿರವೂ ಸುಳಿಯುವುದಿಲ್ಲ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಗಂಟಿಲ್ಲದಂತೆ ತಿರುವಿ ತಿಂದರೆ ಹೊಟ್ಟೆಗೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಪಿಷ್ಟ ಬೇಗನೆ ಗ್ಲುಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ.

ನನ್ನದೂ ಹೇಳಿಬಿಡುತ್ತೇನೆ. 46ನೇ ವಯಸ್ಸಿನಲ್ಲಿ ನನಗೇ ಈ ಕಾಯಿಲೆ ಬಂತು, ಎಚ್‌ಬಿಎ1ಸಿ 8.1. ರೋಗಿಗಳಿಗೆ ಅನ್ನ ಕಡಿಮೆ ಮಾಡಿ ಎಂದು ಹಗಲೆಲ್ಲ ಹೇಳಿ, ಮನೆಗೆ ಹೋಗಿ ಮೂರು ಸಲ ಅನ್ನ ಬಡಿಸಿಕೊಳ್ಳುತ್ತಿದ್ದೆ: ಹುಳಿಗೊಂದು, ಸಾರಿಗೊಂದು, ಮೊಸರಿಗೊಂದು. ಮೊದಲು ನಿಲ್ಲಿಸಿದ್ದು ಸಾರಿನ ಅನ್ನ. ಸಾರನ್ನು ಲೋಟದಲ್ಲಿ ಕುಡಿಯತೊಡಗಿದೆ. ಎರಡು ತಿಂಗಳ ಮೇಲೆ ಮೊಸರಿನ ಅನ್ನ ಹೋಯಿತು. ಹುಳಿಯ ಅನ್ನ ಈಗಲೂ ಇದೆ, ಒಂದು ಸಣ್ಣ ಬಟ್ಟಲು. ಅದರ ಎರಡರಷ್ಟು ಪಲ್ಯ, ಕಾಳು. ಅಂಕಿ ಹತ್ತು ತಿಂಗಳಲ್ಲಿ 6.4ಕ್ಕೆ ಇಳಿಯಿತು. ಒಂದು ಮಾತ್ರೆ ಇನ್ನೂ ನುಂಗುತ್ತೇನೆ.

ನೀವು ಮಾಡಬೇಕಾದದ್ದು: ಮುದ್ದೆಗೆ ಹಾಕುವ ಹಿಟ್ಟನ್ನು ಒಂದು ದಿನ ತೂಗಿ ನೋಡಿ. ಆಮೇಲೆ ಒಂದು ದಿನ ಎಂದಿನಂತೆ ಎರಡು ಮುದ್ದೆ, ಮರುದಿನ ಅದೇ ಸಾರಿನೊಂದಿಗೆ ಒಂದು ಮುದ್ದೆ, ಮೂರನೆಯ ದಿನ ಅರ್ಧ ಮುದ್ದೆ ಮತ್ತು ಒಂದು ದೊಡ್ಡ ಬಟ್ಟಲು ಬಸ್ಸಾರಿನ ಕಾಳು, ಸೊಪ್ಪು. ಪ್ರತಿ ದಿನ ಊಟಕ್ಕೆ ಮೊದಲು, ಊಟ ಶುರು ಮಾಡಿದ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ನನ್ನ ಮಾತು ನಂಬಬೇಡಿ, ನಿಮ್ಮ ಬೆರಳಿನ ರಕ್ತವನ್ನು ನಂಬಿ.

ಮೇಷ್ಟ್ರು (ಮರುದಿನ):
ನಮ್ಮ ಮನೆಯವರು ತೂಗಿದರು. ಒಂದು ಮುದ್ದೆಗೆ 115 ಗ್ರಾಂ ಹಿಟ್ಟು. ದಿನಕ್ಕೆ ನಾಲ್ಕು ಎಂದರೆ 460. "ಇಷ್ಟು ಹಿಟ್ಟನ್ನು ನಮ್ಮ ಕರೆಯುವ ಹಸುವಿಗೂ ನಾನು ಇಡುವುದಿಲ್ಲ" ಎಂದರು.

ಉತ್ತರ:
ಅವರಿಗೆ ನನ್ನ ನಮಸ್ಕಾರ ತಿಳಿಸಿ. ಮುದ್ದೆಯೊಂದರಿಂದಲೇ ದಿನಕ್ಕೆ 300 ಗ್ರಾಂ ದಾಟಿದ ಪಿಷ್ಟ. ಹೊಲದಲ್ಲಿ ದಿನವಿಡೀ ಉಳುತ್ತಿದ್ದ ನಿಮ್ಮ ತಂದೆಯವರಿಗೆ ಅದು ಸರಿಯಾದ ಅಳತೆ. ಪಿಂಚಣಿಯ ದೇಹಕ್ಕೆ ಹೆಚ್ಚಾಯಿತು.

ಪ್ರಶ್ನೆ (ಗೃಹಿಣಿ, ಧಾರವಾಡ):
ನಮ್ಮ ಅಣ್ಣನಿಗೆ 54. ಯಾರೋ ಕಾರ್ಬೋಹೈಡ್ರೇಟ್ ಬಿಟ್ಟು ಕಾಯಿಲೆ ವಾಸಿ ಮಾಡಿಕೊಂಡರು ಎಂದು ಕೇಳಿ, ಜೋಳದ ರೊಟ್ಟಿಯನ್ನು ಒಮ್ಮೆಲೇ ನಿಲ್ಲಿಸಿದ. ಬರೀ ಮೊಟ್ಟೆ, ಸೌತೆಕಾಯಿ, ಶೇಂಗಾ. ಗ್ಲಿಮೆಪಿರೈಡ್ ಮಾತ್ರೆ ಮೊದಲಿನಂತೆಯೇ ನಡೆದಿತ್ತು. ನಾಲ್ಕನೆಯ ದಿನ ಬಸ್ ನಿಲ್ದಾಣದಲ್ಲಿ ಮೈಯೆಲ್ಲ ಬೆವರಿ, ಕೈ ನಡುಗಿ ಕುಸಿದು ಕುಳಿತ. ಅಲ್ಲಿದ್ದವರು ಕುಡಿದಿದ್ದಾನೆ ಎಂದುಕೊಂಡರಂತೆ. ಈಗ ಅತ್ತಿಗೆ ಈ ಪಥ್ಯವೇ ಬೇಡ ಎನ್ನುತ್ತಾರೆ. ನಿಮ್ಮ ಅಭಿಪ್ರಾಯ?

ಉತ್ತರ:
ತಂಗಿ, ಇಲ್ಲಿ ತಪ್ಪು ಪಥ್ಯದ್ದಲ್ಲ, ಪಥ್ಯ ಬದಲಾದರೂ ಮಾತ್ರೆ ಬದಲಾಗದಿದ್ದದ್ದು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ನೀವು ರೊಟ್ಟಿ ತಿಂದಿದ್ದೀರೋ ಇಲ್ಲವೋ ಅವಕ್ಕೆ ಗೊತ್ತಾಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರದೂ ಇದೇ ಕಥೆ. ಇಂಥವರು ಊಟದ ಪಿಷ್ಟವನ್ನು ಇಳಿಸುವ ಮೊದಲೇ ತಮ್ಮ ವೈದ್ಯರ ಬಳಿ ಕುಳಿತು ಔಷಧದ ಪ್ರಮಾಣವನ್ನು ಇಳಿಸಿಕೊಳ್ಳಬೇಕು. ಮೇಷ್ಟ್ರಿಗೆ ಧೈರ್ಯವಾಗಿ ಅರ್ಧ ಮುದ್ದೆ ಎಂದು ನಾನು ಹೇಳಿದ್ದು ಏಕೆಂದರೆ ಮೆಟ್‌ಫಾರ್ಮಿನ್ ಒಂದೇ ಇದ್ದಾಗ ಶುಗರ್ ಹೀಗೆ ಕುಸಿಯುವುದು ಬಹಳ ಅಪರೂಪ.

ಅಂಕಿ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಅಣ್ಣನ ಜೇಬಿನಲ್ಲಿ ಗ್ಲುಕೋಸ್ ಪೊಟ್ಟಣವೂ, ತಾನು ಮಧುಮೇಹಿ ಎಂದು ಬರೆದ ಚೀಟಿಯೂ ಇರಲಿ.

ರೊಟ್ಟಿಯನ್ನು ಪೂರ್ತಿ ಬಿಡುವ ಅಗತ್ಯವೂ ಇಲ್ಲ. ಐಸಿಎಂಆರ್–ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಅಧ್ಯಯನದವರು 2022ರಲ್ಲಿ ಲೆಕ್ಕ ಹಾಕಿ, ಹೊಸದಾಗಿ ಮಧುಮೇಹ ಬಂದವರು ಊಟದ ಶಕ್ತಿಯಲ್ಲಿ ಪಿಷ್ಟದ ಪಾಲನ್ನು ಶೇಕಡ 49–54ರ ಮಟ್ಟಕ್ಕೆ ಇಳಿಸಿ, ಪ್ರೋಟೀನನ್ನು 20ರ ಹತ್ತಿರಕ್ಕೆ ತಂದರೆ ಕಾಯಿಲೆ ಹಿಮ್ಮೆಟ್ಟಲು ದಾರಿಯಾಗುತ್ತದೆ ಎಂದರು. ನಮ್ಮಲ್ಲಿ ಆ ಪಾಲು ಸಾಮಾನ್ಯವಾಗಿ 60 ದಾಟಿರುತ್ತದೆ. ಮೂರು ರೊಟ್ಟಿ ತಿನ್ನುವವನು ಒಂದೂವರೆಗೆ ಬಂದು, ಮಡಿಕೆಕಾಳು, ಎಣ್ಣೆಗಾಯಿ, ಮೊಸರನ್ನು ಹೆಚ್ಚಿಸಿಕೊಂಡರೆ ಅಲ್ಲಿಗೆ ತಲುಪುತ್ತಾನೆ. ಮೊದಲು ಪಲ್ಯ, ಕಾಳು, ರೊಟ್ಟಿ ಕೊನೆಗೆ. ಈ ಸರದಿಯೊಂದೇ ಊಟದ ನಂತರದ ಏರಿಕೆಯನ್ನು ತಗ್ಗಿಸುತ್ತದೆ. ಶೇಂಗಾ ಹಿಡಿಯಷ್ಟಿರಲಿ, ಸೇರಿನಷ್ಟಲ್ಲ.

ಅನುಭವ (ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ಕಡೆಯವರು):
ನನ್ನದು 14 ತಿಂಗಳ ಕಥೆ. ಬೆಳಿಗ್ಗೆಯ ಕಡುಬು, ನೀರುದೋಸೆ ಬಿಟ್ಟೆ. ಎಚ್‌ಬಿಎ1ಸಿ 7.9ರಿಂದ 6.2ಕ್ಕೆ ಬಂತು, ತೂಕ ಒಂಬತ್ತು ಕೆ.ಜಿ. ಇಳಿಯಿತು. ಐದು ತಿಂಗಳಿಂದ ಮಾತ್ರೆ ಇಲ್ಲ, ನಿಲ್ಲಿಸಿದ್ದು ನಮ್ಮ ವೈದ್ಯರೇ. ತೋಟಕ್ಕೆ ಊಟವಾದ ಕೂಡಲೇ ಒಂದು ಸುತ್ತು ಹೋಗಿಬರುವುದು ಅಭ್ಯಾಸವಾಗಿದೆ. ಆದರೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ 118 ಇದ್ದದ್ದು 176 ಆಗಿದೆ. ಹಸಿವಾದಾಗಲೆಲ್ಲ ತೆಂಗಿನಕಾಯಿ ಚೂರು, ತುಪ್ಪ ಎಂದು ತಿಂದದ್ದು ನಿಜ.

ಉತ್ತರ:
ಶಹಬ್ಬಾಸ್ ಎನ್ನುವುದು ಮೊದಲು. ಮಾತ್ರೆಯಿಲ್ಲದೆ ಮೂರು ತಿಂಗಳಾದರೂ 6.5ಕ್ಕಿಂತ ಕೆಳಗಿದ್ದರೆ ಅದನ್ನು ಕಾಯಿಲೆಯ ಉಪಶಮನ ಎನ್ನಬಹುದೆಂದು 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ್ದಾರೆ. ನೀವು ಆ ಗೆರೆ ದಾಟಿದ್ದೀರಿ. ವಾಸಿಯಾಯಿತು ಎಂಬ ಪದವನ್ನು ನಾನು ಬಳಸುವುದಿಲ್ಲ. ತೂಕ ಮರಳಿದರೆ ಅದೂ ಮರಳುತ್ತದೆ. ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆ ವರ್ಷ ವರ್ಷವೂ ನಡೆಯಲಿ.

ಎಲ್‌ಡಿಎಲ್ ವಿಷಯಕ್ಕೆ ಬಂದರೆ, ಮಧುಮೇಹಿಗೆ 176 ಬಹಳ ಹೆಚ್ಚು. ಸಕ್ಕರೆಯನ್ನು ಮುಂಬಾಗಿಲಿನಿಂದ ಹೊರಗೆ ಕಳಿಸಿ ಹೃದಯದ ಕಾಯಿಲೆಯನ್ನು ಹಿಂಬಾಗಿಲಿನಿಂದ ಕರೆದಂತಾಗಬಾರದು. ತುಪ್ಪ ದಿನಕ್ಕೆ ಒಂದು ಚಮಚ ಸಾಕು. ಹಸಿವಿಗೆ ತೆಂಗಿನಕಾಯಿಯ ಬದಲು ಹುರುಳಿಕಟ್ಟು, ಹೆಸರುಕಾಳಿನ ಉಸಲಿ, ತಿನ್ನುವವರಾದರೆ ಮೀನು. ಕೊಲೆಸ್ಟ್ರಾಲ್ ಮಾತ್ರೆ ಬೇಕೇ ಎಂದು ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ, ಮೂರು ತಿಂಗಳು ಮುಂದೂಡಬೇಡಿ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು):
ನಾನು ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ 20 ಗ್ರಾಂ ಪಿಷ್ಟದ ಕೀಟೋ ಪಥ್ಯ ಶುರು ಮಾಡಿ ಎಂಟು ದಿನ. ಎರಡು ದಿನದಿಂದ ವಾಕರಿಕೆ, ಹೊಟ್ಟೆನೋವು, ಸುಸ್ತು. ಶುಗರ್ ಮಾತ್ರ 160, ಹಾಗಾಗಿ ಗಾಬರಿ ಇಲ್ಲ.

ಉತ್ತರ:
ನನಗೆ ಗಾಬರಿ ಇದೆ. ಇದನ್ನು ಓದಿದ ಕೂಡಲೇ ತುರ್ತು ವಿಭಾಗಕ್ಕೆ ಹೋಗಿ, ಮಾತ್ರೆಯ ಹೆಸರನ್ನೂ ಊಟದ ಕ್ರಮವನ್ನೂ ಹೇಳಿ, ರಕ್ತದಲ್ಲಿ ಕೀಟೋನ್ (ಕೊಬ್ಬು ಒಡೆದಾಗ ಹುಟ್ಟುವ ಆಮ್ಲ) ನೋಡಲು ಕೇಳಿ. ಈ ಜಾತಿಯ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದರ ಜೊತೆ ಪಿಷ್ಟವನ್ನೂ ಕಿತ್ತುಹಾಕಿದರೆ ಶುಗರ್ ಸಾಧಾರಣವಾಗಿ ಕಾಣುತ್ತಿದ್ದಾಗಲೇ ರಕ್ತ ಆಮ್ಲೀಯವಾಗಬಹುದು. ಉಳಿದ ಮಾತು ಆಮೇಲೆ.

ಅದೇ ಉದ್ಯೋಗಿ (ಮೂರು ದಿನದ ನಂತರ):
ದಾಖಲು ಮಾಡಿಕೊಂಡಿದ್ದರು. ಈಗ ಮನೆಯಲ್ಲಿದ್ದೇನೆ. ಆ ಮಾತ್ರೆ ನಿಲ್ಲಿಸಿದ್ದಾರೆ. ಧನ್ಯವಾದ.

ಮೇಷ್ಟ್ರು (ಐದು ವಾರದ ನಂತರ):
ಡಾಕ್ಟರೇ, ಬೆಲ್ಲ ಹೋಯಿತು. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಒಂದು ಮುದ್ದೆ, ಕಾಳು ಮೊದಲು. ರಾತ್ರಿ ಮುದ್ದೆ ಇಲ್ಲ, ಮೊಟ್ಟೆ ಮತ್ತು ಸೊಪ್ಪಿನ ಪಲ್ಯ. ಮೊದಲ ವಾರ ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆಯ ಡಬ್ಬಗಳನ್ನು ತಡಕುತ್ತಿದ್ದೆ, ಈಗ ಇಲ್ಲ. ಬೆಳಗಿನ ಶುಗರ್ 124, ಮಧ್ಯಾಹ್ನ ಊಟದ ಮೇಲೆ 168. ಭಾನುವಾರ ಬೀಗರ ಊರಿನಲ್ಲಿ ಹಬ್ಬ, ಬಾಡೂಟ. ಹೋಗಲೋ ಬೇಡವೋ?

ಉತ್ತರ:
ಹೋಗದೆ ಇರುತ್ತೀರಾ? ಮಾಂಸದಿಂದ ಶುಗರ್ ಹೆಚ್ಚು ಏರುವುದಿಲ್ಲ. ಒಂದು ಮುದ್ದೆ, ಅನ್ನ ಬೇಡ, ಪಾಯಸದ ಕಡೆ ತಿರುಗಿ ನೋಡಬೇಡಿ. ಊಟವಾದ ಮೇಲೆ ಜಗುಲಿಯಲ್ಲಿ ಒರಗದೆ ಹದಿನೈದು ನಿಮಿಷ ನಡೆಯಿರಿ. ಎರಡು ಗಂಟೆಯ ಅಂಕಿಯನ್ನು ಇಲ್ಲೇ ಬರೆಯಿರಿ, ಸುಳ್ಳು ಬೇಡ.

ಮೇಷ್ಟ್ರು (ಭಾನುವಾರ ಸಂಜೆ):
192. ಎರಡನೆಯ ಮುದ್ದೆಯನ್ನು ಬೀಗರೇ ಕೈಯಾರೆ ತಂದು ಎಲೆಗೆ ಇಟ್ಟರು. ಅರ್ಧ ತಿಂದು, ಉಳಿದರ್ಧವನ್ನು ಪಕ್ಕದಲ್ಲಿ ಕುಳಿತಿದ್ದ ಅಳಿಯನ ಎಲೆಗೆ ದಾಟಿಸಿದೆ.